ಚೊಚ್ಚಲ ಹೆರಿಗೆಯಲ್ಲಿ ಬಿಪಿ, ಬಾಣಂತನದಲ್ಲಿ ಫಿಟ್ಸ್: ಎರಡನೆಯ ಬಸಿರಿಗೆ ಏನು ಮಾಡಬೇಕು?

ಪ್ರಶ್ನೆ: ನನಗೆ 27 ವರ್ಷ. ಗಂಡನ ಮನೆ ಹಾವೇರಿ, ತವರು ಮುಂಡರಗಿ ತಾಲ್ಲೂಕಿನ ಒಂದು ಹಳ್ಳಿ. ಮೂರು ವರ್ಷದ ಹಿಂದೆ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದೆ. ಎಂಟು ತಿಂಗಳು ತುಂಬುವ ಹೊತ್ತಿಗೆ ಮುಖ, ಕೈಕಾಲು ಬಾತುಕೊಂಡವು. ಬಿಪಿ 160/110 ಇದೆ ಎಂದು ಹುಬ್ಬಳ್ಳಿಗೆ ಕಳಿಸಿದರು. 35ನೇ ವಾರದಲ್ಲಿ ಸಿಸೇರಿಯನ್ ಆಯಿತು, ಮಗು 1.9 ಕೆಜಿ ಇತ್ತು. ಆರನೆಯ ದಿನ ಮನೆಗೆ ಬಂದೆವು. ಬಿಪಿ ಗುಳಿಗೆ ಕೊಟ್ಟಿದ್ದರು. ಅದು ಹಾಲಿಗೆ ಇಳಿದು ಕೂಸಿಗೆ ತೊಂದರೆ ಮಾಡುತ್ತದೆ ಎಂದು ಅವ್ವ ಬಿಡಿಸಿದಳು. ಎಂಟನೆಯ ದಿನ ಬೆಳಗಿನ ಜಾವ ನನಗೆ ಫಿಟ್ಸ್ ಬಂತು. ಊರಿನವರು ಬಾಣಂತಿ ಸನ್ನಿ ಎಂದರು. ಮತ್ತೆ ಆಸ್ಪತ್ರೆ ಸೇರಿ ಉಳಿದುಕೊಂಡೆ. ಈಗ ಒಂಬತ್ತು ವಾರದ ಬಸುರಿ. ಹೋದ ಸಲ ಉಪ್ಪಿನಕಾಯಿ, ಹಪ್ಪಳ ತಿಂದೇ ಹೀಗಾಯಿತು, ಈ ಸಲ ಉಪ್ಪೇ ಬೇಡ ಎನ್ನುತ್ತಾರೆ ಅತ್ತೆ. ಡಾಕ್ಟರು ಆಸ್ಪಿರಿನ್ ಬರೆಯುತ್ತೇನೆ ಎಂದಿದ್ದಾರೆ. ಅದು ರಕ್ತ ತೆಳು ಮಾಡುತ್ತದಂತೆ, ಕೂಸಿಗೆ ಏನಾದರೂ ಆದರೆ? ಬಾಣಂತನ ತವರಿನಲ್ಲೋ, ಇಲ್ಲೋ? ರಾತ್ರಿ ನಿದ್ದೆ ಹತ್ತುವುದಿಲ್ಲ. ಇದು ಮತ್ತೆ ಬರುತ್ತದೆಯೇ?

ಉತ್ತರ: ತಂಗಿ, ನಿಮ್ಮ ನಿದ್ದೆ ಕೆಡಿಸಿರುವುದು ಕೊನೆಯ ಪ್ರಶ್ನೆ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. ಮತ್ತೆ ಬರಬಹುದು, ಬರಲೇಬೇಕೆಂದಿಲ್ಲ. ನಿಮ್ಮಂತೆ 34ರಿಂದ 37 ವಾರದ ನಡುವೆ ಬಿಪಿಯ ಕಾರಣಕ್ಕೆ ಹೆರಿಗೆ ಮಾಡಿಸಬೇಕಾಗಿ ಬಂದವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಮುಂದಿನ ಬಸಿರಿನಲ್ಲಿ ಇದು ಮರುಕಳಿಸುತ್ತದೆ. 34 ವಾರಕ್ಕೂ ಮೊದಲೇ ಆಗಿದ್ದರೆ ಮೂವರಲ್ಲಿ ಒಬ್ಬರಿಗೆ. ಈ ಲೆಕ್ಕವನ್ನು ತಿರುಗಿಸಿಯೂ ಓದಿಕೊಳ್ಳಿ: ನಾಲ್ವರಲ್ಲಿ ಮೂವರಿಗೆ ಬರುವುದಿಲ್ಲ. ಹೋದ ಸಲ ಅದು ಹೇಳದೆ ಕೇಳದೆ ಬಂದಿತ್ತು. ಈ ಸಲ ಬರುವ ಮುಂಚೆಯೇ ನಿಮಗೂ ನಿಮ್ಮ ಡಾಕ್ಟರಿಗೂ ಅದರ ಗುರುತು ಗೊತ್ತಿದೆ, ಇದು ಸಣ್ಣ ಮಾತಲ್ಲ.

ಇನ್ನು ಉಪ್ಪಿನಕಾಯಿಯ ಮೇಲಿನ ಆರೋಪ. ನಿಮಗೆ ಬಂದದ್ದು ಪ್ರಿ-ಎಕ್ಲಾಂಪ್ಸಿಯಾ, ಅದು ಫಿಟ್ಸ್‌ಗೆ ತಿರುಗಿದಾಗ ಎಕ್ಲಾಂಪ್ಸಿಯಾ. ಇದರ ಬೇರು ಇರುವುದು ಅಡುಗೆಮನೆಯಲ್ಲಲ್ಲ, ಮಾಸಿನಲ್ಲಿ. ಬಸಿರಿನ ಮೊದಲ ತಿಂಗಳುಗಳಲ್ಲಿ ಮಾಸು ಗರ್ಭಕೋಶದ ಗೋಡೆಗೆ ಬೇರೂರುವಾಗ, ಅಲ್ಲಿನ ಸುರುಳಿ ರಕ್ತನಾಳಗಳು ಹಿಗ್ಗಿ ಅಗಲವಾಗಬೇಕು. ಕೆಲವರಲ್ಲಿ ಅವು ಸರಿಯಾಗಿ ಹಿಗ್ಗುವುದಿಲ್ಲ. ಕಾಲುವೆಯ ಕೊನೆಯ ಹೊಲದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲೆ ಕಾಲುವೆ ಕಿರಿದಾದರೆ ಕೆಳಗಿನ ಬೆಳೆ ಒಣಗುತ್ತದೆ. ಹಾಗೆ ರಕ್ತ ಸಾಲದೆ ಬಳಲಿದ ಮಾಸು ತಾಯಿಯ ರಕ್ತಕ್ಕೆ ಕೆಲವು ಪದಾರ್ಥಗಳನ್ನು ಬಿಡುತ್ತದೆ. ಅವು ಮೈಯ ರಕ್ತನಾಳಗಳ ಒಳಪದರವನ್ನೆಲ್ಲ ಕೆಡಿಸುತ್ತವೆ. ನಾಳಗಳು ಬಿಗಿಯುತ್ತವೆ, ಬಿಪಿ ಏರುತ್ತದೆ, ಮೂತ್ರಪಿಂಡದಿಂದ ಪ್ರೋಟೀನ್ ಸೋರುತ್ತದೆ, ಮುಖ ಬಾತುಕೊಳ್ಳುತ್ತದೆ, ಯಕೃತ್ತು, ಮೆದುಳು ಎಲ್ಲಕ್ಕೂ ಅದರ ಬಿಸಿ ತಟ್ಟುತ್ತದೆ. ನಿಮ್ಮ ಕಣ್ಣಿಗೆ ಬಿದ್ದದ್ದು ಎಂಟನೆಯ ತಿಂಗಳಿನಲ್ಲಿ, ಆದರೆ ಮಾಸು ಹೀಗೆ ಕೂತದ್ದು ಮೂರು ನಾಲ್ಕನೆಯ ತಿಂಗಳಿನಲ್ಲೇ. ಆಗ ನೀವು ತಿಂದ ಹಪ್ಪಳಕ್ಕೂ ಇದಕ್ಕೂ ಸಂಬಂಧವಿಲ್ಲ.

ಉಪ್ಪು ಬಿಟ್ಟರೆ ಈ ಕಾಯಿಲೆ ತಡೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಇದಕ್ಕಾಗಿ ಬಸುರಿಯರಿಗೆ ಉಪ್ಪು ಬಿಡಿಸಬೇಡಿ ಎನ್ನುತ್ತದೆ. ಉಪ್ಪಿಲ್ಲದ ಪಲ್ಯದೊಂದಿಗೆ ಯಾರಿಗೂ ಎರಡು ರೊಟ್ಟಿ ಇಳಿಯುವುದಿಲ್ಲ. ತಾಯಿ ಅರೆಹೊಟ್ಟೆಯಲ್ಲಿ ಉಳಿದರೆ ಕೂಸು ಬಡವಾಗುತ್ತದೆ, ಅಷ್ಟೇ ಲಾಭ. ಮನೆಮಂದಿ ಉಣ್ಣುವಷ್ಟೇ ಉಪ್ಪು ಉಣ್ಣಿ, ಉಪ್ಪಿನಕಾಯಿ ತಟ್ಟೆಯ ಅಂಚಿನಲ್ಲಿ ನಾಲಿಗೆಗೆ ಸೋಕುವಷ್ಟಿರಲಿ. ಅತ್ತೆಯವರೊಡನೆ ಜಗಳ ಬೇಡ. ಮುಂದಿನ ತಪಾಸಣೆಗೆ ಅವರನ್ನೇ ಜೊತೆಗೆ ಕರೆದೊಯ್ದು ಡಾಕ್ಟರ ಬಾಯಿಂದಲೇ ಈ ಮಾತು ಕೇಳಿಸಿ. ಸೊಸೆ ಹೇಳಿದ್ದಕ್ಕೂ ಡಾಕ್ಟರು ಹೇಳಿದ್ದಕ್ಕೂ ಮನೆಯಲ್ಲಿ ತೂಕ ಬೇರೆ ಎಂಬುದು ನನಗೂ ಗೊತ್ತು, ನಾನೂ ಒಂದು ಮನೆಯ ಸೊಸೆಯೇ.

ಈಗ ಎಂಟನೆಯ ದಿನದ ಮಾತು. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ.

ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೆರಿಗೆ ಮಾಡಿಸಿದ್ದೇನೆ. "ಸನ್ನಿ" ಎಂಬ ಮಾತು ಕೇಳಿದಾಗಲೆಲ್ಲ ನಾನು ಮತ್ತೆ ಮೊದಲಿನಿಂದ ವಿಚಾರಿಸುತ್ತೇನೆ, ಏಕೆಂದರೆ ನಮ್ಮ ಕಡೆ ಆ ಒಂದು ಹೆಸರಿನಡಿ ಮೂರು ಬೇರೆ ಬೇರೆ ಕಾಯಿಲೆಗಳು ಅಡಗಿವೆ. ಹೆರಿಗೆಯ ನಂತರ ನಂಜೇರಿ ಜ್ವರದಲ್ಲಿ ಬಡಬಡಿಸಿದರೆ ಸನ್ನಿ. ನಿದ್ದೆಗೆಟ್ಟು, ಇಲ್ಲದ ದನಿ ಕೇಳಿಸಿ, ಕೂಸನ್ನೇ ದೂರ ತಳ್ಳಿದರೆ ಅದೂ ಸನ್ನಿ. ಬಿಪಿ ಏರಿ ಕೈಕಾಲು ಸೆಟೆದರೆ ಅದೂ ಸನ್ನಿಯೇ. ಮೊದಲನೆಯದಕ್ಕೆ ಆಂಟಿಬಯಾಟಿಕ್ ಬೇಕು, ಎರಡನೆಯದಕ್ಕೆ ಮನೋವೈದ್ಯರು ಬೇಕು, ಮೂರನೆಯದಕ್ಕೆ ಫಿಟ್ಸ್ ತಡೆಯುವ ಮದ್ದು ಮೆಗ್ನೀಸಿಯಂ ಸಲ್ಫೇಟ್ ಬೇಕು. ಮೂರಕ್ಕೂ ಗಾಳಿ ಬಿಡಿಸಲು ಓಡಿದರೆ ಮೂರರಲ್ಲೂ ಹೊತ್ತು ಕಳೆಯುತ್ತದೆ. ನಿಮ್ಮ ಮನೆಯವರು ಸನ್ನಿ ಎಂದರೂ ಆಸ್ಪತ್ರೆಗೇ ಕರೆದೊಯ್ದರಲ್ಲ, ಅದು ದೊಡ್ಡದು.

ಮಾಸು ಹೊರಬಿದ್ದರೆ ಕಾಯಿಲೆ ಮುಗಿಯಿತು ಎಂದು ಬಹಳ ಜನ ತಿಳಿದಿದ್ದಾರೆ, ವೈದ್ಯರಲ್ಲೂ ಕೆಲವರು. ಬೇರು ಕಿತ್ತರೂ ಗಿಡ ಬಾಡಲು ಹೊತ್ತು ಹಿಡಿಯುತ್ತದೆ. ಬಸಿರಿನಲ್ಲಿ ಮೈಯೊಳಗೆ ಹರಡಿ ನಿಂತ ನೀರು ಹೆರಿಗೆಯ ನಂತರ ರಕ್ತನಾಳಗಳಿಗೆ ಮರಳುತ್ತದೆ. ಹಾಗಾಗಿ ಬಿಪಿ ಅತಿ ಹೆಚ್ಚು ಏರುವುದು ಹೆರಿಗೆಯಾದ ಮೂರರಿಂದ ಆರನೆಯ ದಿನದ ಸುಮಾರಿಗೆ. ಸರಿಯಾಗಿ ಅದೇ ಹೊತ್ತಿಗೆ ನಾವು ಬಾಣಂತಿಯನ್ನು ಮನೆಗೆ ಕಳಿಸುತ್ತೇವೆ, ಮನೆಯವರು ಅವಳನ್ನು ಒಳಕೋಣೆಗೆ ಸೇರಿಸಿ ಬಾಗಿಲು ಮುಚ್ಚುತ್ತಾರೆ. ಫಿಟ್ಸ್ ಹೆರಿಗೆಯಾಗಿ ಆರು ವಾರದವರೆಗೂ ಬರಬಹುದು, ಮೊದಲ ಹತ್ತು ದಿನದಲ್ಲಿ ಭಯ ಹೆಚ್ಚು. ಬಸಿರಿನಲ್ಲಿ ತಿಂಗಳು ತಿಂಗಳು ಬಿಪಿ ನೋಡಿದವರು ಈ ಹತ್ತು ದಿನ ಯಾರೂ ನೋಡುವುದಿಲ್ಲ.

ಗುಳಿಗೆ ಬಿಡಿಸಿದ್ದಕ್ಕೆ ಅವ್ವನ ಮೇಲೆ ಸಿಟ್ಟಿದ್ದರೆ ಇಳಿಸಿಬಿಡಿ. ತಪ್ಪು ನಮ್ಮದೂ ಇದೆ. ಆಸ್ಪತ್ರೆಯಿಂದ ಬಿಡುವಾಗ ಇಂಗ್ಲಿಷಿನಲ್ಲಿ ಬರೆದ ಚೀಟಿ ಕೈಗಿಟ್ಟು, ಮಂಚದ ಪಕ್ಕ ನಿಂತೇ ಅರ್ಧ ನಿಮಿಷದಲ್ಲಿ "ಗುಳಿಗೆ ತಪ್ಪಿಸಬೇಡಿ" ಎಂದು ಹೇಳಿ ಮುಂದಿನ ಮಂಚಕ್ಕೆ ಹೋಗುತ್ತೇವೆ. ಬಾಣಂತನ ಮಾಡುವ ತಾಯಿಗೆ ಆ ಗುಳಿಗೆ ಏಕೆಂದು ಯಾರೂ ಕೂತು ಹೇಳಿರುವುದಿಲ್ಲ. ಆಕೆಗೆ ಗೊತ್ತಿರುವುದು ಹಾಲು, ಕೂಸು, ಪಥ್ಯ. ಆಕೆ ಕೂಸನ್ನು ಕಾಯಲೆಂದೇ ಗುಳಿಗೆ ಬಿಡಿಸಿದ್ದು. ಇಷ್ಟು ಹೇಳಿ ಆಕೆಗೆ: ಲ್ಯಾಬೆಟಲಾಲ್, ನಿಫೆಡಿಪಿನ್, ಎನಲಾಪ್ರಿಲ್, ಈ ಮೂರನ್ನೂ ಹಾಲುಣಿಸುವ ತಾಯಂದಿರಿಗೆ ಕೊಡುತ್ತಾರೆ. ಹಾಲಿಗೆ ಇಳಿಯುವುದು ಬಹಳ ಕಡಿಮೆ. ಎನಲಾಪ್ರಿಲ್ ಮಾತ್ರ ಬಸಿರಿನಲ್ಲಿ ಕೂಡದು, ಹೆರಿಗೆಯ ನಂತರ ಸರಿ.

ಆಸ್ಪಿರಿನ್ ವಿಷಯದಲ್ಲಿ ನಿಮ್ಮ ಡಾಕ್ಟರು ಹೇಳಿದ್ದು ಸರಿ. ತಲೆನೋವಿಗೆ ನುಂಗುವ ದೊಡ್ಡ ಪ್ರಮಾಣವಲ್ಲ ಇದು. ದಿನಕ್ಕೆ 75ರಿಂದ 150 ಮಿಲಿಗ್ರಾಂ, ರಾತ್ರಿ ಊಟವಾದ ಮೇಲೆ. ಶುರು ಮಾಡಬೇಕಾದದ್ದು 12ನೇ ವಾರಕ್ಕೆ, 16 ದಾಟುವುದರೊಳಗೆ. ಮಾಸು ಬೇರೂರುವ ಕೆಲಸ ನಡೆದಿರುವಾಗಲೇ ಅದು ರಕ್ತದಲ್ಲಿರಬೇಕು. ಏಳನೆಯ ತಿಂಗಳಿನಲ್ಲಿ ಹೊಸದಾಗಿ ಶುರು ಮಾಡಿದರೆ ಹೆಚ್ಚಿನ ಉಪಯೋಗವಿಲ್ಲ. 2017ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ, ಅಪಾಯ ಹೆಚ್ಚಿದ್ದ ಬಸುರಿಯರಿಗೆ ದಿನವೂ 150 ಮಿಲಿಗ್ರಾಂ ಕೊಟ್ಟಾಗ, 37 ವಾರಕ್ಕೆ ಮುಂಚೆಯೇ ಹೆರಿಗೆ ಮಾಡಿಸಬೇಕಾದಂಥ ಪ್ರಿ-ಎಕ್ಲಾಂಪ್ಸಿಯಾ ಶೇ 62ರಷ್ಟು ತಗ್ಗಿತ್ತು. ನಿಮಗೆ ಬಂದದ್ದು ಅದೇ ಬಗೆ. ಈ ಸಣ್ಣ ಪ್ರಮಾಣದಿಂದ ಕೂಸಿಗೆ ಕೇಡು ಕಂಡುಬಂದಿಲ್ಲ. ಸಾಮಾನ್ಯವಾಗಿ 36ನೇ ವಾರದ ಹೊತ್ತಿಗೆ ನಿಲ್ಲಿಸುತ್ತಾರೆ. ಹೊಟ್ಟೆಹುಣ್ಣು ಇದ್ದರೆ, ನೋವಿನ ಗುಳಿಗೆ ನುಂಗಿ ಎಂದಾದರೂ ದಮ್ಮು ಏರಿದ್ದರೆ ಮೊದಲೇ ಹೇಳಿಬಿಡಿ.

ಜೊತೆಗೆ ಕ್ಯಾಲ್ಸಿಯಂ. ನಮ್ಮ ಕಡೆಯ ಊಟದಲ್ಲಿ ರೊಟ್ಟಿ, ಬೇಳೆಗೆ ಬರವಿಲ್ಲ, ಹಾಲು ಮೊಸರು ಮಾತ್ರ ಹೆಂಗಸರ ತಟ್ಟೆಗೆ ಕೊನೆಗೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಕ್ಯಾಲ್ಸಿಯಂ ಕಡಿಮೆ ಉಣ್ಣುವವರಲ್ಲಿ ಅದನ್ನು ತುಂಬಿಕೊಟ್ಟರೆ ಈ ಕಾಯಿಲೆಯ ಸಾಧ್ಯತೆ ತಗ್ಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ನಾಲ್ಕನೆಯ ತಿಂಗಳಿನಿಂದ ದಿನಕ್ಕೆ ಎರಡು ಗುಳಿಗೆ ಉಚಿತವಾಗಿ ಕೊಡುತ್ತಾರೆ. ಕಬ್ಬಿಣದ ಗುಳಿಗೆಯ ಜೊತೆಗೆ ಮಾತ್ರ ನುಂಗಬೇಡಿ, ಒಂದು ಇನ್ನೊಂದನ್ನು ಮೈಗೆ ಹತ್ತಗೊಡುವುದಿಲ್ಲ. ಎರಡು ತಾಸಿನ ಅಂತರವಿರಲಿ. ಗುರೆಳ್ಳು ಚಟ್ನಿ, ಎಳ್ಳು, ನುಗ್ಗೆಸೊಪ್ಪು, ಮಜ್ಜಿಗೆ ಧಾರಾಳವಾಗಿ ಉಣ್ಣಿ.

ಬಿಪಿ ನೋಡುವುದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಬೇಸರ ಬೇಡ, ಈ ಇಡೀ ಕಾಯಿಲೆ ನಿಂತಿರುವುದೇ ಆ ಎರಡು ಅಂಕಿಗಳ ಮೇಲೆ. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದವಳನ್ನು ನಿಂತ ನಿಲುವಿನಲ್ಲೇ ಹಿಡಿದು, ಬಿಗಿ ಕುಪ್ಪಸದ ತೋಳಿನ ಮೇಲೆಯೇ ಪಟ್ಟಿ ಸುತ್ತಿ, "ಊರು ಯಾವುದು, ಎಷ್ಟನೆಯದು" ಎಂದು ಮಾತಾಡಿಸುತ್ತ ನೋಡಿದ ಬಿಪಿ ಬಿಪಿಯೇ ಅಲ್ಲ. ಮೂತ್ರ ಮಾಡಿ ಬನ್ನಿ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಎರಡೂ ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಿ. ಬರಿದೋಳಿಗೆ ಪಟ್ಟಿ ಸುತ್ತಿ, ಮೇಜಿನ ಮೇಲೆ ತೋಳಿಟ್ಟರೆ ಪಟ್ಟಿ ಎದೆಯ ಮಟ್ಟಕ್ಕೆ ಬರುತ್ತದೆ. ಆ ಹೊತ್ತಿನಲ್ಲಿ ಮಾತು ಬೇಡ. ಮಣಿಕಟ್ಟಿಗೆ ಕಟ್ಟುವ ಯಂತ್ರ ಬೇಡ, ತೋಳಿಗೆ ಕಟ್ಟುವ ಡಿಜಿಟಲ್ ಯಂತ್ರ ಕೊಳ್ಳಿ. ಕೊಂಡ ಮೇಲೆ ಆಸ್ಪತ್ರೆಗೆ ಒಯ್ದು ಅಲ್ಲಿನ ಯಂತ್ರದೊಂದಿಗೆ ಒಮ್ಮೆ ತಾಳೆ ನೋಡಿ. ಕುಬಸಕ್ಕೆ ಏನು ಕೊಡಿಸಲಿ ಎಂದು ಯಾರಾದರೂ ಕೇಳಿದರೆ ಸೀರೆಯ ಬದಲು ಇದನ್ನೇ ಕೇಳಿ.

140/90 ಮುಟ್ಟಿದರೆ ಅದೇ ದಿನ ಡಾಕ್ಟರಿಗೆ ತಿಳಿಸಬೇಕು. 160/110 ಆದರೆ ಕಾಲು ಗಂಟೆ ಬಿಟ್ಟು ಮತ್ತೊಮ್ಮೆ ನೋಡಿ. ಆಗಲೂ ಅಷ್ಟೇ ಇದ್ದರೆ ರಾತ್ರಿಯೇ ಆಗಿರಲಿ, ಅಮಾವಾಸ್ಯೆಯೇ ಇರಲಿ, 108ಕ್ಕೆ ಫೋನ್ ಮಾಡಿ ಹೊರಡಬೇಕು. ಯಂತ್ರ ಏನೇ ತೋರಿಸಲಿ, ಗುಳಿಗೆಗೂ ಬಗ್ಗದ ತಲೆನೋವು, ಕಣ್ಣಮುಂದೆ ಮಿಂಚು ಅಥವಾ ಮಬ್ಬು, ಎದೆಗೂಡಿನ ಕೆಳಗೆ ಬಲಬದಿಯಲ್ಲಿ ಅಥವಾ ನಡುವಿನಲ್ಲಿ ಹಿಡಿದಂಥ ನೋವು, ಉಸಿರು ಕಟ್ಟುವುದು, ಒಮ್ಮೆಲೇ ಮುಖ ಬಾತು ಬಳೆ ಬಿಗಿಯಾಗುವುದು, ಇವುಗಳಲ್ಲಿ ಒಂದು ಕಂಡರೂ ಹೊರಡಿ. ಎದೆಯ ಕೆಳಗಿನ ಆ ನೋವನ್ನು ಪಿತ್ತವೆಂದು ಸೋಡಾ ಕುಡಿಸಿ ಮಲಗಿಸಿದವರನ್ನು ಬಹಳ ಸಲ ಕಂಡಿದ್ದೇನೆ. ಅದು ಯಕೃತ್ತಿನ ಕೂಗು.

ಪ್ರತಿ ತಪಾಸಣೆಯಲ್ಲೂ ಮೂತ್ರದ ಪ್ರೋಟೀನ್ ನೋಡಿಸಿ. ಈಗ ಒಂದು ಕಡ್ಡಿ ಅದ್ದಿದರೆ ಬಣ್ಣ ಹೇಳುತ್ತದೆ. ನಾವು ಕಲಿಯುವಾಗ ಗಾಜಿನ ನಳಿಕೆಯಲ್ಲಿ ಮೂತ್ರ ತುಂಬಿ, ಮೇಲಿನರ್ಧವನ್ನು ಸ್ಪಿರಿಟ್ ದೀಪಕ್ಕೆ ಹಿಡಿಯುತ್ತಿದ್ದೆವು. ಕೆಳಗೆ ತಿಳಿ, ಮೇಲೆ ಬಿಳಿ ಮೋಡ. ಎರಡು ಹನಿ ಅಸೆಟಿಕ್ ಆಮ್ಲ ಬಿಟ್ಟರೂ ಕರಗದೆ ಮೊಸರಿನಂತೆ ಹೆಪ್ಪುಗಟ್ಟಿದರೆ ಆ ರಾತ್ರಿ ಮನೆಗೆ ಹೋಗುವಂತಿರಲಿಲ್ಲ.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ಇರುತ್ತದೆ. ಅಂದು ತಜ್ಞರು ಸಿಗುತ್ತಾರೆ. ನಿಮ್ಮ ತಾಯಿ ಕಾರ್ಡಿನ ಮೇಲೆಯೇ ಹೋದ ಸಲದ ಎಕ್ಲಾಂಪ್ಸಿಯಾ, ಸಿಸೇರಿಯನ್ ಎರಡನ್ನೂ ದಪ್ಪಕ್ಷರದಲ್ಲಿ ಬರೆಸಿ. ಏಕೆ ಗೊತ್ತೇ? ಹೆರಿಗೆಯಾದೊಡನೆ ರಕ್ತಸ್ರಾವ ತಡೆಯಲು ಕೊಡುವ ಚುಚ್ಚುಮದ್ದುಗಳಲ್ಲಿ ಮೀಥೈಲ್ ಎರ್ಗೊಮೆಟ್ರಿನ್ ಎಂಬುದೊಂದಿದೆ, ಅದು ಬಿಪಿ ಏರಿಸುತ್ತದೆ. ನಿಮ್ಮಂಥವರಿಗೆ ಆಕ್ಸಿಟೋಸಿನ್‌ನಂಥ ಬೇರೆ ಮದ್ದು ಕೊಡಬೇಕು. ರಾತ್ರಿ ಪಾಳಿಯ ನರ್ಸ್‌ಗೆ ನಿಮ್ಮ ಹಳೆಯ ಕತೆ ಗೊತ್ತಿರುವುದಿಲ್ಲ, ಕಾರ್ಡ್ ಅದನ್ನು ಹೇಳಬೇಕು.

ಬಿಪಿ ಏರಿದರೂ ತೀವ್ರವಾಗದಿದ್ದರೆ 37 ವಾರ ತುಂಬುತ್ತಲೇ ಹೆರಿಗೆ ಮಾಡಿಸುತ್ತಾರೆ. ತೀವ್ರವಾದರೆ ಅದಕ್ಕೂ ಮೊದಲೇ. ಒಮ್ಮೆ ಸಿಸೇರಿಯನ್ ಆದವರಿಗೆ ಮತ್ತೆ ಸಿಸೇರಿಯನ್ನೇ ಎಂಬ ಕಟ್ಟಳೆಯಿಲ್ಲ, ಆದರೆ ರಕ್ತ, ಅರಿವಳಿಕೆ ವೈದ್ಯರು, ಶಸ್ತ್ರಚಿಕಿತ್ಸಾ ಕೋಣೆ ಎಲ್ಲ ಒಂದೇ ಸೂರಿನಡಿ ಇರುವಲ್ಲೇ ಹೆರಿಗೆಯಾಗಬೇಕು. ಮೆಗ್ನೀಸಿಯಂ ಸಲ್ಫೇಟ್ ಕೊಡುತ್ತೇವೆ ಎಂದರೆ ಹೆದರಬೇಡಿ. ಚುಚ್ಚಿದಾಗ ಮೈಯೆಲ್ಲ ಬೆಂಕಿ ಹಚ್ಚಿದಂತಾಗುತ್ತದೆ, ಗಂಟಲು ಒಣಗುತ್ತದೆ. ನರ್ಸ್ ಮತ್ತೆ ಮತ್ತೆ ಬಂದು ಮಂಡಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿ ನೋಡುತ್ತಾಳೆ, ಮೂತ್ರ ಅಳೆಯುತ್ತಾಳೆ, ಉಸಿರು ಎಣಿಸುತ್ತಾಳೆ. ಮಂಡಿ ಪುಟಿದರೆ ಮದ್ದು ಮಿತಿ ಮೀರಿಲ್ಲ ಎಂದರ್ಥ. 2002ರಲ್ಲಿ ಹತ್ತು ಸಾವಿರದಷ್ಟು ಹೆಂಗಸರ ಮೇಲೆ ನಡೆದ ಮ್ಯಾಗ್ಪೈ ಪರೀಕ್ಷೆ, ಈ ಅಗ್ಗದ ಹಳೆಯ ಮದ್ದು ಫಿಟ್ಸ್ ಬರುವ ಸಾಧ್ಯತೆಯನ್ನು ಅರ್ಧಕ್ಕೂ ಕೆಳಗಿಳಿಸುತ್ತದೆ ಎಂದು ತೋರಿಸಿತು.

ಬಾಣಂತನ ಎಲ್ಲಿ ಎಂಬುದಕ್ಕೆ ನನ್ನ ಉತ್ತರ ಒಂದೇ: ಹಾವೇರಿ. ತವರು ದೂರವೆಂದಲ್ಲ, ಆಸ್ಪತ್ರೆ ದೂರವೆಂದು. ಮುಂಡರಗಿಯ ಹಳ್ಳಿಯಿಂದ ನಡುರಾತ್ರಿ ಗದಗ ಮುಟ್ಟುವುದು ಎಷ್ಟು ಹೊತ್ತಿನ ಮಾತು ಎಂದು ನೀವೇ ಒಮ್ಮೆ ಅನುಭವಿಸಿದ್ದೀರಿ. ಹಾವೇರಿ ಪೇಟೆಯಲ್ಲಿದ್ದರೆ ಜಿಲ್ಲಾ ಆಸ್ಪತ್ರೆ ಆಟೋ ದೂರ, ಮೇಲೆ ಹುಬ್ಬಳ್ಳಿಗೆ ಹೆದ್ದಾರಿ. ಎರಡನೆಯ ಬಾಣಂತನ ಗಂಡನ ಮನೆಯಲ್ಲಾದರೆ ಯಾರೂ ಆಡಿಕೊಳ್ಳುವುದಿಲ್ಲ. ಅವ್ವನನ್ನೇ ಕರೆಸಿಕೊಳ್ಳಿ. ಬೀಗರ ಮನೆಯಲ್ಲಿ ತಿಂಗಳುಗಟ್ಟಲೆ ಇರಲು ಆಕೆಗೆ ಸಂಕೋಚವಾದೀತು, ಮೊದಲ ಹದಿನೈದು ದಿನವಾದರೂ ಇರಲಿ. ಅಂಟಿನ ಉಂಡೆ, ಅಳವಿ ಪಾಯಸ, ಎಣ್ಣೆನೀರು ಎಲ್ಲ ಆಗಲಿ, ಅವುಗಳ ಮೇಲೆ ನನ್ನ ತಕರಾರಿಲ್ಲ. ಎರಡಕ್ಕೆ ಮಾತ್ರ ಇದೆ. ಹೊಟ್ಟೆ ಬರುತ್ತದೆಂದು ನೀರು ಬಿಗಿಹಿಡಿಯಬಾರದು. ಹಾಲುಣಿಸುವವಳಿಗೆ, ಅದರಲ್ಲೂ ಹೊಟ್ಟೆ ಕೊಯ್ಸಿಕೊಂಡವಳಿಗೆ, ಬಾಯಾರಿದಷ್ಟೂ ನೀರು ಬೇಕು. ಹೊರಸಿನ ಕೆಳಗೆ ಕೆಂಡವಿಟ್ಟು ಬಾಗಿಲು ಕಿಟಕಿ ಮುಚ್ಚುವುದಂತೂ ಕೂಡದು, ಆ ಹೊಗೆ ಕೂಸಿನ ಪುಪ್ಪುಸಕ್ಕೆ ಹೋಗುತ್ತದೆ.

ಮೊದಲ ಹತ್ತು ದಿನ ಬೆಳಿಗ್ಗೆ ಸಂಜೆ ಬಿಪಿ, ಆಮೇಲೆ ಆರು ವಾರದವರೆಗೆ ಡಾಕ್ಟರು ಹೇಳಿದಂತೆ. ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನಗಳ ಲೆಕ್ಕದಲ್ಲಿ ಮನೆಗೆ ಬಂದು ಕೂಸಿನ ತೂಕ ನೋಡುತ್ತಾರೆ, ಅವರಿಗೆ ನಿಮ್ಮ ಬಿಪಿ ಪುಸ್ತಕವನ್ನೂ ತೋರಿಸಿ. ಗುಳಿಗೆಯನ್ನು ಡಾಕ್ಟರು ಇಳಿಸಬೇಕು, ಮನೆಯವರಲ್ಲ. ಅಕಸ್ಮಾತ್ ಫಿಟ್ಸ್ ಬಂದರೆ ಎಡಮಗ್ಗುಲಿಗೆ ಹೊರಳಿಸಿ, ಬಾಯಿಗೆ ಚಮಚ, ನೀರು ಏನನ್ನೂ ಹಾಕದೆ 108 ಕರೆಯಬೇಕು. ಕೈಗೆ ಕಬ್ಬಿಣ ಹಿಡಿಸುವುದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು ಹೊತ್ತು ಕೊಲ್ಲುವ ಕೆಲಸ. ಇದನ್ನು ನಿಮ್ಮ ಯಜಮಾನರು ಓದಿಕೊಂಡಿರಲಿ, ಆ ಹೊತ್ತಿನಲ್ಲಿ ನಿಮಗೆ ಹೇಳಲು ಬರುವುದಿಲ್ಲ.

ನಿದ್ದೆಯ ಮಾತಿಗೆ ಬಂದರೆ, ಸಾವಿನ ಹತ್ತಿರ ಹೋಗಿ ಬಂದ ಮೈ ಅದನ್ನು ಮರೆಯುವುದಿಲ್ಲ. ಬಸುರಿ ಎಂದು ಗೊತ್ತಾದೊಡನೆ ಹಳೆಯದೆಲ್ಲ ಎದ್ದು ಬರುವುದು ಹೇಡಿತನವಲ್ಲ. ಎರಡು ವಾರಕ್ಕೂ ಹೆಚ್ಚು ಹೀಗೇ ಇದ್ದರೆ ಡಾಕ್ಟರಿಗೆ ಹೇಳಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇನ್ನೊಂದು ದೂರದ ಮಾತು. ಈ ಕಾಯಿಲೆ ಬಂದವರಿಗೆ ಮುಂದೆ ಬಿಪಿ, ಹೃದಯದ ಕಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಮಕ್ಕಳು ದೊಡ್ಡವರಾದ ಮೇಲೂ ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ ನೋಡಿಸಿಕೊಳ್ಳಿ.

ಆಸ್ಪಿರಿನ್‌ಗೆ ಇನ್ನು ಮೂರು ವಾರವಿದೆ. ಅಷ್ಟರಲ್ಲಿ ಯಂತ್ರ ಕೊಂಡುಬಿಡಿ. ಅವ್ವ ಬಂದಾಗ ಪಟ್ಟಿ ಸುತ್ತುವುದನ್ನು ಆಕೆಗೇ ಕಲಿಸಿ. ಓದು ಬಾರದಿದ್ದರೂ ಅಡ್ಡಿಯಿಲ್ಲ, ಕ್ಯಾಲೆಂಡರಿನಲ್ಲಿ ತಾರೀಖು ನೋಡಲು ಬಂದರೆ ಅಂಕಿ ಬಂತು. ಆ ಕ್ಯಾಲೆಂಡರಿನ ಮೇಲೆಯೇ 140/90, ಅದರ ಕೆಳಗೆ ಕೆಂಪು ಶಾಯಿಯಲ್ಲಿ 160/110 ಎಂದು ಬರೆದು, ಬಾಣಂತಿ ಕೋಣೆಯ ಗೋಡೆಗೆ ಆಕೆಯ ಕಣ್ಣೆತ್ತರಕ್ಕೆ ತೂಗುಹಾಕಿ.